ಪಾದ, ಪೆಡಲು ಮತ್ತು ಕಲಘಟಗಿಯ ದಾರಿ

ಹುಬ್ಬಳ್ಳಿಯಿಂದ ಕಲಘಟಗಿ ಸೀಮೆಯ ಕಡೆಗೆ ಹೊರಡುವ ರಸ್ತೆಗಳಲ್ಲಿ ಬೆಳಗಿನ ಹೊತ್ತು ತೆಳುವಾದ ಟೈರಿನ, ಕೆಳಕ್ಕೆ ಬಾಗಿದ ಹ್ಯಾಂಡಲಿನ ಸೈಕಲ್ಲುಗಳು ಒಂದರ ಹಿಂದೆ ಒಂದು ಸಾಗುವುದು ಈಗ ಅಪರೂಪದ ನೋಟವಲ್ಲ. ಹುಬ್ಬಳ್ಳಿಗೆ ಕುಡಿಯುವ ನೀರು ಕೊಡುತ್ತ ಬಂದಿರುವ ನೀರಸಾಗರ ಜಲಾಶಯದ ಮಗ್ಗುಲಿನ ದುಮ್ಮವಾಡದಂಥ ಊರುಗಳ ಸುತ್ತ ರಸ್ತೆ ಏರುತ್ತದೆ, ಇಳಿಯುತ್ತದೆ, ಹೊಲಗಳ ನಡುವೆ ತಿರುಗುತ್ತದೆ. ತಿರುವಿನ ಆಚೆ ಕುರಿಯ ಹಿಂಡು ಇರಬಹುದು, ಕಬ್ಬು ಹೇರಿದ ಟ್ರ್ಯಾಕ್ಟರ್ ಇರಬಹುದು, ಸುಗ್ಗಿಯ ದಿನಗಳಲ್ಲಿ ಡಾಂಬರಿನ ಅರ್ಧ ಅಗಲಕ್ಕೆ ಗೋವಿನಜೋಳ ಹರವಿರಬಹುದು. ಇಂಥ ಕಡೆ ಸವಾರರು ತಟ್ಟನೆ ಬ್ರೇಕು ಹಿಡಿದು ನೆಲಕ್ಕೆ ಕಾಲು ಊರಬೇಕಾಗುತ್ತದೆ. ಆದರೆ ಆ ಕಾಲು ಪೆಡಲಿಗೆ ಕೊಂಡಿಯಿಂದ ಬಿಗಿದುಕೊಂಡಿದ್ದು, ಅದನ್ನು ಬಿಡಿಸಿಕೊಳ್ಳುವ ಚಲನೆ ದೇಹಕ್ಕೆ ಇನ್ನೂ ರೂಢಿಯಾಗಿರದಿದ್ದರೆ, ನಿಂತ ಸೈಕಲ್ಲು ಸವಾರರ ಸಮೇತ ನಿಧಾನವಾಗಿ ಒಂದು ಮಗ್ಗುಲಿಗೆ ವಾಲಿ ಬೀಳುತ್ತದೆ.

ಹೀಗೆ ಬೀಳುವ ಅಪಾಯವಿದ್ದರೂ ಜಗತ್ತಿನ ಬಹುಪಾಲು ರಸ್ತೆ ಸವಾರರು ಈ ಏರ್ಪಾಡನ್ನೇ ಏಕೆ ಆರಿಸಿಕೊಂಡಿದ್ದಾರೆ, ಅದು ಎಲ್ಲರಿಗೂ ಬೇಕೇ, ಬೇಕೆಂದರೆ ಅಂಗಡಿಯಲ್ಲಿ ಯಾವುದನ್ನು ಕೇಳಬೇಕು ಎಂಬುದು ಹೊಸದಾಗಿ ರಸ್ತೆ ಸೈಕಲ್ಲು ಕೊಂಡವರಿಗೆ ಅರ್ಧ ತಿಳಿದ, ಅರ್ಧ ತಿಳಿಯದ ಸಂಗತಿ. ಉತ್ತಮ ದರ್ಜೆಯ ರಸ್ತೆ ಸೈಕಲ್ಲುಗಳು ಅನೇಕ ವೇಳೆ ಪೆಡಲೇ ಇಲ್ಲದೆ ಮಾರಾಟವಾಗುವುದರಿಂದ ಈ ಆಯ್ಕೆಯ ಹೊಣೆ ಕೊಳ್ಳುವವರ ಮೇಲೆಯೇ ಬೀಳುತ್ತದೆ. ಮತ್ತು ಹೆಚ್ಚಿನವರು ದೂರದರ್ಶನದಲ್ಲಿ ಕಂಡ ಪಂದ್ಯದ ಸವಾರರ ಕಾಲಿನಲ್ಲಿರುವುದನ್ನೇ ಕೇಳಿ ತರುತ್ತಾರೆ. ವಿಚಾರಿಸಿ ನೋಡಿದರೆ ಕ್ರಮ ಬೇರೆಯಾಗಿರಬೇಕು. ಸವಾರರ ಪಾದದ ಆಕಾರ ಎಂಥದು ಎಂಬುದು ಮೊದಲ ಪ್ರಶ್ನೆ, ಆ ಪಾದವನ್ನು ಎಂಥ ನೆಲದ ಮೇಲೆ ಊರಬೇಕಾಗುತ್ತದೆ ಎಂಬುದು ಎರಡನೆಯದು, ಪೆಡಲು ಯಾವುದು ಎಂಬುದು ಆಮೇಲಿನ ಮಾತು.

ಚರ್ಮದ ಪಟ್ಟಿಯಿಂದ ಸ್ಪ್ರಿಂಗಿನ ದವಡೆಗೆ

ಪಾದವನ್ನು ಪೆಡಲಿನ ಮೇಲೆ ಹಿಡಿದಿಡುವ ಪ್ರಯತ್ನ ಹಳೆಯದು. ಇಪ್ಪತ್ತನೆಯ ಶತಮಾನದ ಬಹುಭಾಗ ಪಂದ್ಯದ ಸವಾರರು ಪೆಡಲಿನ ಮುಂದೆ ಟೋ ಕ್ಲಿಪ್ ಎಂಬ ಲೋಹದ ಗೂಡೊಂದನ್ನು ಕೂಡಿಸಿ, ಅದರೊಳಕ್ಕೆ ಶೂವಿನ ತುದಿಯನ್ನು ತೂರಿಸಿ, ಮೇಲಿನಿಂದ ಚರ್ಮದ ಪಟ್ಟಿಯನ್ನು ಬಿಗಿದುಕೊಳ್ಳುತ್ತಿದ್ದರು. ಪಟ್ಟಿ ಬಿಗಿಯಾಗಿದ್ದಷ್ಟೂ ಹಿಡಿತ ಚೆನ್ನಾಗಿರುತ್ತಿತ್ತು, ಆದರೆ ಕೈ ಚಾಚಿ ಅದನ್ನು ಸಡಿಲಿಸದ ಹೊರತು ಕಾಲು ಹೊರಬರುತ್ತಿರಲಿಲ್ಲ. ಇಟಲಿಯ ಚಿನೆಲ್ಲಿ ಕಂಪನಿ 1970ರ ದಶಕದ ಆರಂಭದಲ್ಲಿ ಪಟ್ಟಿಯಿಲ್ಲದ ಪೆಡಲೊಂದನ್ನು ತಂದಿತಾದರೂ ಅದರಲ್ಲಿಯೂ ಸವಾರರು ಬಗ್ಗಿ ಒಂದು ಸನ್ನೆಯನ್ನು ಸರಿಸಿದರೆ ಮಾತ್ರ ಕಾಲು ಬಿಡುಗಡೆಯಾಗುತ್ತಿದ್ದುದರಿಂದ ಅದು ಹೆಚ್ಚು ಬಳಕೆಗೆ ಬರಲಿಲ್ಲ.

ಸಮಸ್ಯೆಗೆ ಪರಿಹಾರ ಬಂದದ್ದು ಸೈಕಲ್ ಲೋಕದ ಹೊರಗಿನಿಂದ. ಫ್ರಾನ್ಸಿನ ಲುಕ್ ಕಂಪನಿ ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟನ್ನು ಕೂಡಿಸುವ ಕೊಂಡಿಗಳನ್ನು ತಯಾರಿಸುತ್ತಿತ್ತು. ಜಾರುವಾಗ ಬೂಟನ್ನು ಬಿಗಿಯಾಗಿ ಹಿಡಿದಿರಬೇಕಾದ, ಆದರೆ ಬೀಳುವಾಗ ಕಾಲು ಮುರಿಯದಂತೆ ತಾನಾಗಿ ಬಿಟ್ಟುಬಿಡಬೇಕಾದ ಆ ಕೊಂಡಿಯ ತತ್ವವನ್ನು ಅದು 1984ರಲ್ಲಿ ಪೆಡಲಿಗೆ ಅಳವಡಿಸಿತು. ಮರುವರ್ಷ ಫ್ರಾನ್ಸಿನ ಬರ್ನಾರ್ ಇನೋ ಇಂಥ ಪೆಡಲುಗಳನ್ನು ತುಳಿದು ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಚರ್ಮದ ಪಟ್ಟಿಗಳು ಪಂದ್ಯಗಳಿಂದ ಕೆಲವೇ ವರ್ಷಗಳಲ್ಲಿ ಮರೆಯಾದವು. ಟೋ ಕ್ಲಿಪ್ಪಿನ ಅಗತ್ಯವಿಲ್ಲದ್ದರಿಂದ ಇವಕ್ಕೆ ಕ್ಲಿಪ್‌ಲೆಸ್ ಪೆಡಲು ಎಂಬ ಹೆಸರು ನಿಂತಿತು. ಜಪಾನಿನ ಶಿಮಾನೊ ಕಂಪನಿ 1990ರಲ್ಲಿ ಗುಡ್ಡಗಾಡಿನ ಸೈಕಲ್ಲುಗಳಿಗಾಗಿ ಎಸ್‌ಪಿಡಿ ಎಂಬ ಚಿಕ್ಕ ಕೊಂಡಿಯ ಪೆಡಲನ್ನು ತಂದಿತು. ಕಲಘಟಗಿ ಸೀಮೆಯ ಸವಾರರಿಗೆ ಈ ಎರಡನೆಯ ಕವಲು ಮೊದಲನೆಯದಕ್ಕಿಂತ ಮುಖ್ಯವಾದದ್ದು.

ಕೆಲಸ ಮಾಡುವ ಬಗೆ ಸರಳವಾಗಿದೆ. ಶೂವಿನ ಅಟ್ಟೆಯ ಅಡಿಗೆ ಬೋಲ್ಟುಗಳಿಂದ ಕೂಡಿಸಿದ ಗಟ್ಟಿಯಾದ ತುಂಡೊಂದು ಇರುತ್ತದೆ, ಅದೇ ಕ್ಲೀಟು. ಪೆಡಲಿನ ಮುಂತುದಿಯಲ್ಲಿ ಕದಲದ ಕೊಕ್ಕೆಯೂ ಹಿಂತುದಿಯಲ್ಲಿ ಸ್ಪ್ರಿಂಗಿನ ಬಲದಿಂದ ಮುಚ್ಚಿಕೊಳ್ಳುವ ದವಡೆಯೂ ಇರುತ್ತವೆ. ಕ್ಲೀಟಿನ ಮೂತಿಯನ್ನು ಕೊಕ್ಕೆಗೆ ಸಿಕ್ಕಿಸಿ ಕೆಳಕ್ಕೆ ಒತ್ತಿದರೆ ದವಡೆ ಹಿಂದಕ್ಕೆ ಸರಿದು, ಕ್ಲೀಟಿನ ಹಿಂಬದಿಯನ್ನು ಒಳಗೆ ಬಿಟ್ಟುಕೊಂಡು, ಟಕ್ಕೆಂದು ಮುಚ್ಚಿಕೊಳ್ಳುತ್ತದೆ. ಆ ಮೇಲೆ ಪಾದವನ್ನು ಮೇಲಕ್ಕೆ ಎಳೆದರೂ ಹಿಂದಕ್ಕೆ ಎಳೆದರೂ ಅದು ಬಿಡುವುದಿಲ್ಲ. ಹಿಮ್ಮಡಿಯನ್ನು ಹೊರಮಗ್ಗುಲಿಗೆ ತಿರುಗಿಸಿದರೆ ಮಾತ್ರ ಕ್ಲೀಟಿನ ಅಂಚು ದವಡೆಯನ್ನು ತೆರೆದು ಕಾಲು ಹೊರಬರುತ್ತದೆ. ಗಾಬರಿಯಾದ ಮನುಷ್ಯ ಸಹಜವಾಗಿ ಕಾಲನ್ನು ಮೇಲಕ್ಕೆ ಎಳೆಯುತ್ತಾನೆ, ಹಿಮ್ಮಡಿಯನ್ನು ತಿರುಗಿಸುವುದಿಲ್ಲ. ಹೊಸಬರು ಬೀಳುವುದಕ್ಕೆ ಮುಖ್ಯ ಕಾರಣ ಇದೇ.

ಮೂರು ಬೋಲ್ಟು, ಎರಡು ಬೋಲ್ಟು

ಅಂಗಡಿಯಲ್ಲಿ ಸಿಗುವ ಪೆಡಲುಗಳು ಮುಖ್ಯವಾಗಿ ಎರಡು ಕುಲಕ್ಕೆ ಸೇರಿದವು. ಲುಕ್ ಕಂಪನಿಯ ಕಿಯೊ, ಶಿಮಾನೊ ಕಂಪನಿಯ ಎಸ್‌ಪಿಡಿ-ಎಸ್‌ಎಲ್ ಎಂಬವು ರಸ್ತೆ ಪಂದ್ಯದ ಕುಲದವು. ಇವುಗಳ ಕ್ಲೀಟು ಅಂಗೈ ಅರ್ಧದಷ್ಟು ದೊಡ್ಡದಾದ ಮೂರು ಮೂಲೆಯ ಪ್ಲಾಸ್ಟಿಕ್ ತುಂಡಾಗಿದ್ದು, ಮೂರು ಬೋಲ್ಟುಗಳಿಂದ ಅಟ್ಟೆಗೆ ಕೂಡಿಕೊಂಡು, ಅಟ್ಟೆಯಿಂದ ಹೊರಕ್ಕೆ ಉಬ್ಬಿರುತ್ತದೆ. ಪಾದದ ಭಾರ ಅಗಲವಾದ ಜಾಗದ ಮೇಲೆ ಹರಡುವುದರಿಂದ ತಾಸುಗಟ್ಟಲೆ ಬಲವಾಗಿ ತುಳಿದರೂ ಒಂದೇ ಬಿಂದುವಿನಲ್ಲಿ ಒತ್ತಡ ಬೀಳುವುದಿಲ್ಲ ಎಂಬುದು ಇದರ ದೊಡ್ಡ ಗುಣ. ಆದರೆ ಸೈಕಲ್ಲಿನಿಂದ ಇಳಿದು ನಡೆಯಲು ಹೋದರೆ ಬೆರಳಿನ ಭಾಗ ಎತ್ತರದಲ್ಲಿ, ಹಿಮ್ಮಡಿ ತಗ್ಗಿನಲ್ಲಿ ಉಳಿದು ಹೆಜ್ಜೆ ತಡವರಿಸುತ್ತದೆ. ನುಣುಪಾದ ಗ್ರಾನೈಟ್ ನೆಲದ ಮೇಲೆ ಜಾರುತ್ತದೆ. ಕಲ್ಲಿನ ದಾರಿಯಲ್ಲಿ ಪ್ಲಾಸ್ಟಿಕ್ ಸವೆಯುತ್ತದೆ. ಈ ಪೆಡಲುಗಳಲ್ಲಿ ಕಾಲು ಸಿಕ್ಕಿಸಲು ಇರುವುದು ಒಂದೇ ಮುಖ.

ಎರಡನೆಯ ಕುಲ ಎಸ್‌ಪಿಡಿಯದು. ಇದರ ಕ್ಲೀಟು ಉಕ್ಕಿನ ಪುಟ್ಟ ತುಂಡು, ಎರಡೇ ಬೋಲ್ಟುಗಳು, ಅಟ್ಟೆಯ ರಬ್ಬರಿನ ಹಲ್ಲುಗಳ ನಡುವಿನ ತಗ್ಗಿನಲ್ಲಿ ಅದು ಅಡಗಿ ಕೂತಿರುವುದರಿಂದ ನಡೆಯುವಾಗ ನೆಲಕ್ಕೆ ತಾಗುವುದು ಬಹುಮಟ್ಟಿಗೆ ರಬ್ಬರೇ. ಹೆಚ್ಚಿನ ಎಸ್‌ಪಿಡಿ ಪೆಡಲುಗಳಲ್ಲಿ ಎರಡೂ ಮುಖಗಳಿಗೆ ಕೊಂಡಿಯಿದ್ದು, ಮೇಲ್ಮುಖ ಯಾವುದೆಂದು ಬಗ್ಗಿ ನೋಡುವ ಅಗತ್ಯವಿರುವುದಿಲ್ಲ. ಒಂದು ಮುಖ ಕೊಂಡಿ, ಇನ್ನೊಂದು ಮುಖ ಸಪಾಟು ಇರುವ ಬಗೆಯೂ ಉಂಟು. ಮನೆಯ ಚಪ್ಪಲಿಯಲ್ಲಿಯೇ ಊರೊಳಗಿನ ಕಿರಾಣಿ ಅಂಗಡಿಗೆ ಹೋಗಿಬರಲು ಅದು ಅನುಕೂಲ. ಇವೆರಡರ ಹೊರಗೆ ಸ್ಪೀಡ್‌ಪ್ಲೇ ಎಂಬ ನಾಲ್ಕು ಬೋಲ್ಟಿನ ಬಗೆಯಿದ್ದು, ಅದರಲ್ಲಿ ಸ್ಪ್ರಿಂಗಿನ ಯಂತ್ರಾಂಶ ಪೆಡಲಿನಲ್ಲಿರದೆ ಕ್ಲೀಟಿನಲ್ಲಿಯೇ ಇರುತ್ತದೆ. ಧೂಳು, ಕೆಸರು ಹೆಚ್ಚಿರುವ ಕಡೆ ಅದನ್ನು ಆರಿಸದಿರುವುದು ಲೇಸು.

ಕೊಳ್ಳುವಾಗ ಆಗುವ ತಪ್ಪುಗಳಲ್ಲಿ ಹೆಚ್ಚು ನಷ್ಟ ತರುವಂಥದು ಇವುಗಳ ಹೊಂದಿಕೆಗೆ ಸಂಬಂಧಿಸಿದ್ದು. ಲುಕ್ ಕಂಪನಿಯ ಹಳೆಯ ಡೆಲ್ಟಾ, ಇಂದಿನ ಕಿಯೊ, ಶಿಮಾನೊದ ಎಸ್‌ಪಿಡಿ-ಎಸ್‌ಎಲ್ ಮೂರಕ್ಕೂ ಶೂವಿನ ಅಟ್ಟೆಯಲ್ಲಿ ಬೇಕಾದದ್ದು ಅದೇ ಮೂರು ರಂಧ್ರಗಳಾದರೂ ಒಂದರ ಕ್ಲೀಟು ಇನ್ನೊಂದರ ಪೆಡಲಿಗೆ ಕೂರುವುದಿಲ್ಲ. ಕೆಲವು ಶೂಗಳಲ್ಲಿ ಎರಡು ಮತ್ತು ಮೂರು ಬೋಲ್ಟುಗಳ ರಂಧ್ರಗಳು ಒಟ್ಟಿಗೇ ಇರುತ್ತವೆ. ಆದರೆ ರಬ್ಬರಿನ ಹಲ್ಲುಗಳಿಲ್ಲದ ನುಣುಪು ಅಟ್ಟೆಗೆ ಎಸ್‌ಪಿಡಿ ಕ್ಲೀಟು ಕೂಡಿಸಿದರೆ ಅಡಗಿ ಕೂರುವ ಅನುಕೂಲವೇ ತಪ್ಪಿ, ಉಕ್ಕು ನೇರವಾಗಿ ನೆಲಕ್ಕೆ ತಾಗಿ ಜಾರುತ್ತದೆ. ಆದ್ದರಿಂದ ಶೂ, ಕ್ಲೀಟು, ಪೆಡಲು ಮೂರನ್ನೂ ಒಂದೇ ಸಲ ಅಂಗಡಿಯಲ್ಲಿ ಒಟ್ಟಿಗೆ ಇರಿಸಿ, ಕೂಡಿಸಿ, ಬಿಡಿಸಿ ನೋಡಿಕೊಂಡೇ ಹಣ ಕೊಡಬೇಕು.

ದುಮ್ಮವಾಡದ ಸುತ್ತಿನ ದಾರಿಗಳಿಗೆ ಇವೆರಡರಲ್ಲಿ ಯಾವುದು ತಕ್ಕದ್ದು? ವಿಜಯಪುರ, ಬಾಗಲಕೋಟೆ, ಗದಗಗಳು ರಾಜ್ಯಕ್ಕೆ ಅನೇಕ ಸೈಕಲ್ ಪಟುಗಳನ್ನು ಕೊಟ್ಟ ಜಿಲ್ಲೆಗಳಾಗಿದ್ದು, ಅಲ್ಲಿ ತರಬೇತಿ ಪಡೆದು ಪಂದ್ಯಕ್ಕೆ ಇಳಿಯುವವರಿಗೆ ಮೂರು ಬೋಲ್ಟಿನ ಏರ್ಪಾಡು ಸಹಜವಾದದ್ದು. ಅವರು ಇಳಿಯುವುದು ಪಂದ್ಯ ಮುಗಿದ ಮೇಲೆಯೇ. ಆದರೆ ರವಿವಾರ ಬೆಳಿಗ್ಗೆ ಕಲಘಟಗಿಯ ಕಡೆ ಹೋಗಿ ಬರುವವರು ಚಹಾ ಅಂಗಡಿಯಲ್ಲಿ ಇಳಿಯುತ್ತಾರೆ, ಗುಡಿಯ ಮುಂದೆ ಇಳಿಯುತ್ತಾರೆ, ಕೆರೆಯ ಏರಿಯ ಮೇಲೆ ನಡೆಯುತ್ತಾರೆ, ಡಾಂಬರು ಕಿತ್ತ ತುಂಡಿನಲ್ಲಿ ಸೈಕಲ್ಲನ್ನು ಕೈಯಲ್ಲಿ ನೂಕುತ್ತಾರೆ. ಇಂಥವರಿಗೆ ಎರಡು ಬೋಲ್ಟಿನ ಎಸ್‌ಪಿಡಿಯೇ ಮೇಲು ಎಂದು ಹೇಳಲು ಹಿಂಜರಿಯಬೇಕಾಗಿಲ್ಲ. ರಸ್ತೆ ಸೈಕಲ್ಲಿಗೆ ಗುಡ್ಡಗಾಡಿನ ಪೆಡಲು ಹಾಕುವುದು ಸಲ್ಲದೆಂಬ ಮಾತು ಸವಾರರ ಗುಂಪುಗಳಲ್ಲಿ ಕೇಳಿಬರುತ್ತದೆಯಾದರೂ ಅದಕ್ಕೆ ಯಾಂತ್ರಿಕವಾದ ಯಾವ ಆಧಾರವೂ ಇಲ್ಲ; ಎರಡೂ ಪೆಡಲುಗಳ ತಿರುಪಿನ ಅಳತೆ ಒಂದೇ.

ದೂರದ ಸವಾರಿಯ ಒಂದು ಉದಾಹರಣೆ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಹುಬ್ಬಳ್ಳಿಯೂ ಸೇರಿದಂತೆ ಕರ್ನಾಟಕದ ಹಲವು ನಗರಗಳಲ್ಲಿ ಬ್ರೆವೆ ಎಂಬ ದೀರ್ಘ ಸವಾರಿಗಳು ನಡೆಯುತ್ತವೆ. ಪ್ಯಾರಿಸ್ಸಿನ ಔಡಾಕ್ಸ್ ಕ್ಲಬ್ಬು ರೂಪಿಸಿದ ನಿಯಮಗಳಂತೆ 200 ಕಿಲೋಮೀಟರನ್ನು ಹದಿಮೂರೂವರೆ ತಾಸಿನಲ್ಲಿ, 300ನ್ನು 20 ತಾಸಿನಲ್ಲಿ, 400ನ್ನು 27 ತಾಸಿನಲ್ಲಿ, 600ನ್ನು 40 ತಾಸಿನಲ್ಲಿ ಮುಗಿಸಬೇಕಾದ ಇವುಗಳಲ್ಲಿ ಯಾರೂ ಮೊದಲಿಗರಲ್ಲ, ಕೊನೆಯವರಲ್ಲ. ಆದರೆ ದಾರಿಯ ನಿಗದಿತ ಠಾಣೆಗಳಲ್ಲಿ ಇಳಿದು, ಬಂದು ಹೋದದ್ದಕ್ಕೆ ಪುರಾವೆ ಪಡೆದು, ಊಟ ನೀರು ಮುಗಿಸಿ, ಮತ್ತೆ ಹತ್ತಬೇಕು. ರಾತ್ರಿಯ ನಿದ್ದೆಗಣ್ಣಿನಲ್ಲಿ ಖಾನಾವಳಿಯ ಮೆಟ್ಟಿಲು ಹತ್ತಬೇಕಾದ ಸವಾರರಿಗೆ ನಡೆಯಲು ಬರುವ ಶೂ ಒಂದು ಸೌಕರ್ಯ ಮಾತ್ರವಲ್ಲ, ಬೀಳದಂತೆ ಕಾಯುವ ರಕ್ಷಣೆಯೂ ಹೌದು.

ಮೇಲಕ್ಕೆ ಎಳೆಯುವ ಕಾಲಿನ ಲೆಕ್ಕ

ಕಾಲನ್ನು ಪೆಡಲಿಗೆ ಬಿಗಿದುಕೊಂಡರೆ ಕೆಳಕ್ಕೆ ತುಳಿಯುವುದರ ಜೊತೆಗೆ ಮೇಲಕ್ಕೆ ಎಳೆಯುವ ಬಲವೂ ಸೇರಿ ಸೈಕಲ್ಲು ಹೆಚ್ಚು ವೇಗವಾಗಿ ಓಡುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಸಾಮಾನ್ಯ ವೇಗದ ಸವಾರಿಯ ಮಟ್ಟಿಗೆ ಪ್ರಯೋಗಗಳು ಇದನ್ನು ಸಮರ್ಥಿಸಿಲ್ಲ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಆಶರ್ ಸ್ಟ್ರಾ ಮತ್ತು ರಾಜರ್ ಕ್ರಾಮ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸವಾರರು ಓಟದ ಶೂ ತೊಟ್ಟು ಸಪಾಟು ಪೆಡಲನ್ನು ತುಳಿದಾಗಲೂ, ಗಟ್ಟಿ ಅಟ್ಟೆಯ ಶೂ ಮತ್ತು ಕ್ಲೀಟು ಬಳಸಿ ತುಳಿದಾಗಲೂ ಮಧ್ಯಮ ಶ್ರಮದ ಸವಾರಿಯಲ್ಲಿ ದೇಹ ವೆಚ್ಚ ಮಾಡಿದ ಶಕ್ತಿಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಬೇಕೆಂದೇ ಮೇಲಕ್ಕೆ ಎಳೆದು ತುಳಿದಾಗ ದಕ್ಷತೆ ಹೆಚ್ಚುವ ಬದಲು ಕಡಿಮೆಯಾದುದನ್ನು ಬೇರೆ ಅಧ್ಯಯನಗಳೂ ಕಂಡಿವೆ. ಅನುಭವಿ ಸವಾರರ ಮೇಲೇಳುವ ಕಾಲು ಮಾಡುವ ಕೆಲಸವೆಂದರೆ ಹೆಚ್ಚಾಗಿ ತನ್ನ ಭಾರವನ್ನು ತಾನೇ ಎತ್ತಿಕೊಂಡು, ಇನ್ನೊಂದು ಕಾಲಿನ ತುಳಿತಕ್ಕೆ ಅಡ್ಡಿಯಾಗದಿರುವುದು.

ಹಾಗಾದರೆ ಲಾಭವೇನು ಎಂದರೆ, ಆಸನದಿಂದ ಎದ್ದು ಪೂರ್ಣ ಬಲ ಹಾಕಿ ಏರನ್ನು ಹತ್ತುವಾಗ ಅಥವಾ ಪಂದ್ಯದ ಕೊನೆಯ ಓಟದಲ್ಲಿ ಕೊಂಡಿಯ ಹಿಡಿತದಿಂದ ಬಲ ಹೆಚ್ಚುವುದು ನಿಜ. ಇದಕ್ಕಿಂತ ಹೆಚ್ಚು ಜನರಿಗೆ ಉಪಯೋಗವಾಗುವುದು ಪಾದದ ಸ್ಥಿರತೆ: ಮಳೆಯಲ್ಲಿ ಪೆಡಲು ಒದ್ದೆಯಾದರೂ, ಹುಬ್ಬಳ್ಳಿ–ಕಾರವಾರ ರಸ್ತೆಯ ಗುಂಡಿಗಳಲ್ಲಿ ಸೈಕಲ್ಲು ಕುಪ್ಪಳಿಸಿದರೂ, ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ಇಳಿಜಾರಿನಲ್ಲಿ ವೇಗ ಹೆಚ್ಚಿದರೂ ಪಾದ ಜಾರುವುದಿಲ್ಲ, ಸಾವಿರಾರು ಸುತ್ತುಗಳ ಉದ್ದಕ್ಕೂ ಅದು ಒಂದೇ ಜಾಗದಲ್ಲಿ ಇರುತ್ತದೆ. ಆದ್ದರಿಂದ ಸಪಾಟು ಪೆಡಲಿನ ಮೇಲೆ ಚಪ್ಪಲಿಯಲ್ಲಿ ತುಳಿಯುವವರು ಶಕ್ತಿಯನ್ನು ವ್ಯರ್ಥ ಮಾಡುತ್ತಿದ್ದಾರೆ ಎಂದು ಭಾವಿಸುವುದು ತಪ್ಪು. ಕರ್ನಾಟಕ ಸರ್ಕಾರ 2006–07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಕೊಟ್ಟ ಸೈಕಲ್ಲುಗಳ ಮೇಲೆ ಹಳ್ಳಿಯಿಂದ ಹೈಸ್ಕೂಲಿಗೆ ತುಳಿದ ಹುಡುಗಿಯರ, ಹುಡುಗರ ಕಾಲುಗಳಿಗೆ ಯಾವ ಕೊಂಡಿಯೂ ಬೇಕಾಗಿರಲಿಲ್ಲ, ಮತ್ತು ನಿಂತು ಹೊರಡುವುದು ಹೆಚ್ಚಿರುವ ಇಂಥ ಸವಾರಿಗೆ ಸಪಾಟು ಪೆಡಲೇ ಸರಿ.

ಬರಿಗಾಲು ಬಲ್ಲ ಪಾದಕ್ಕೆ ಶೂ

ಶೂವಿನ ಆಯ್ಕೆಯಲ್ಲಿ ಜನ ಹೆಚ್ಚು ಎಡವುವುದು ಅಳತೆಯಲ್ಲಿ, ಅದರಲ್ಲಿಯೂ ಅಗಲದಲ್ಲಿ. ಧಾರವಾಡ ಜಿಲ್ಲೆಗೆ ಪಾದರಕ್ಷೆಯ ತನ್ನದೇ ಪರಂಪರೆಯಿದೆ. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಿಕೆಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮತ್ತು ಧಾರವಾಡ ಜಿಲ್ಲೆಗಳೂ ಸೇರಿವೆ. ಬೆರಳುಗಳನ್ನು ತೆರೆದಿಡುವ ಈ ಚಪ್ಪಲಿಯಲ್ಲಿಯೂ ಬರಿಗಾಲಿನಲ್ಲಿಯೂ ಬೆಳೆದ ಪಾದ, ಎಳವೆಯಿಂದ ಮುಚ್ಚಿದ ಶೂವಿನಲ್ಲಿ ಬೆಳೆದ ಪಾದದಂತೆ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಯು. ಬಿ. ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2300 ಮಕ್ಕಳ ಹೆಜ್ಜೆಗುರುತುಗಳನ್ನು ಪರಿಶೀಲಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಮೂಳೆರೋಗ ಶಾಸ್ತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಪಾದರಕ್ಷೆ ತೊಡುತ್ತಿದ್ದ ಮಕ್ಕಳಲ್ಲಿ ನೂರಕ್ಕೆ 8.6ರಷ್ಟು ಮಂದಿಗೆ ಅಂಗಾಲಿನ ಕಮಾನು ಇಲ್ಲದ ಚಪ್ಪಟೆ ಪಾದವಿದ್ದರೆ, ಬರಿಗಾಲಿನ ಮಕ್ಕಳಲ್ಲಿ ಆ ಪ್ರಮಾಣ 2.8 ಮಾತ್ರ ಇತ್ತು. ಮುಂಭಾಗ ಮುಚ್ಚಿದ ಶೂ ತೊಡುವವರಲ್ಲಿ ಅದು ಎಲ್ಲಕ್ಕಿಂತ ಹೆಚ್ಚಾಗಿತ್ತು. ಬೆಲ್ಜಿಯಂನ ಸಂಶೋಧಕರು 2009ರಲ್ಲಿ ಭಾರತದ ಬರಿಗಾಲಿನ ಜನರನ್ನು ಶೂ ತೊಡುವವರೊಂದಿಗೆ ಹೋಲಿಸಿ, ಬರಿಗಾಲಿನವರ ಪಾದದ ಮುಂಭಾಗ ಹೆಚ್ಚು ಅಗಲವಾಗಿರುವುದನ್ನೂ ನಡೆಯುವಾಗ ಒತ್ತಡ ಅಂಗಾಲಿನಲ್ಲಿ ಹೆಚ್ಚು ಸಮನಾಗಿ ಹಂಚಿಕೊಳ್ಳುವುದನ್ನೂ ತೋರಿಸಿದರು. ಸೈಕ್ಲಿಂಗ್ ಶೂಗಳಾದರೋ ಬಹಳ ಕಾಲ ಯುರೋಪಿನ ಕಿರಿದಾದ ಪಾದದ ಅಚ್ಚಿನ ಮೇಲೆ ತಯಾರಾದವು. ಹೊಲ ಮನೆಗಳಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದವರು ಇಂಥ ಶೂವಿನಲ್ಲಿ ಕಿರುಬೆರಳು ಹಿಂಡಿದಂತಾಗಿ, ಉದ್ದದಲ್ಲಿ ಒಂದು ಅಳತೆ ದೊಡ್ಡದನ್ನು ಕೊಂಡು ಸುಧಾರಿಸಿಕೊಳ್ಳಲು ನೋಡುತ್ತಾರೆ. ಆಗ ಹಿಮ್ಮಡಿ ಸಡಿಲವಾಗಿ ಪ್ರತಿ ಸುತ್ತಿಗೂ ಎದ್ದು ಕೂತು ಚರ್ಮ ಸುಲಿಯುತ್ತದೆ. ಕೇಳಬೇಕಾದದ್ದು ಉದ್ದದ ಶೂವನ್ನಲ್ಲ, ಅದೇ ಉದ್ದದಲ್ಲಿ ಅಗಲವಾದ ಅಚ್ಚಿನದನ್ನು. ಹಲವು ಕಂಪನಿಗಳು ಈಗ ಅಂಥವನ್ನು ಪ್ರತ್ಯೇಕವಾಗಿ ಮಾರುತ್ತವೆ.

ಅಳತೆಯನ್ನು ಸಂಜೆ ತೆಗೆದುಕೊಳ್ಳುವುದು ಉತ್ತಮ, ಏಕೆಂದರೆ ದಿನವಿಡೀ ನಿಂತು ನಡೆದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಬಿಸಿಲಿನ ಸವಾರಿಯಲ್ಲಿಯೂ ಅದು ಅಷ್ಟೇ ಊದುತ್ತದೆ. ಸವಾರಿಗೆ ಹಾಕುವ ಕಾಲುಚೀಲವನ್ನೇ ತೊಟ್ಟು, ಹಾಳೆಯ ಮೇಲೆ ನಿಂತು, ಎರಡೂ ಪಾದಗಳ ಅಂಚನ್ನು ಪೆನ್ಸಿಲಿನಿಂದ ಗುರುತಿಸಿಕೊಂಡು, ದೊಡ್ಡದಿರುವ ಪಾದಕ್ಕೆ ಹೊಂದುವಂತೆ ಕೊಳ್ಳಬೇಕು. ತುಳಿಯುವಾಗ ಪಾದ ನಡಿಗೆಯಲ್ಲಿನಂತೆ ಮಡಚಿಕೊಳ್ಳದ ಕಾರಣ ಬೆರಳುಗಳ ಮುಂದೆ ಓಟದ ಶೂವಿನಷ್ಟು ಜಾಗ ಬೇಕಾಗಿಲ್ಲ. ಬೆರಳುಗಳು ಮುಕ್ತವಾಗಿ ಅಲುಗಾಡಿದರೆ, ಹಿಮ್ಮಡಿ ಅಲುಗಾಡದಿದ್ದರೆ ಅಳತೆ ಸರಿಯಿದೆ ಎಂದೇ ತಿಳಿಯಬೇಕು.

ಅಟ್ಟೆ ಗಟ್ಟಿಯಾಗಿರಬೇಕಾದ್ದು ಏಕೆಂದರೆ, ಮೆದುವಾದ ಅಟ್ಟೆ ಚಿಕ್ಕ ಪೆಡಲಿನ ಸುತ್ತ ಬಾಗಿ, ಒತ್ತಡವೆಲ್ಲ ಕೊಂಡಿಯ ಜಾಗದಲ್ಲಿಯೇ ಸೇರಿ ಅಂಗಾಲು ಉರಿಯತೊಡಗುತ್ತದೆ. ನೈಲಾನಿನ ಅಟ್ಟೆ ಈ ಕೆಲಸಕ್ಕೆ ಸಾಕು. ಇಂಗಾಲದ ಎಳೆಗಳಿಂದ ಮಾಡಿದ ಕಾರ್ಬನ್ ಅಟ್ಟೆ ಇನ್ನೂ ಗಟ್ಟಿಯೂ ಹಗುರವೂ ಆಗಿದ್ದು, ಅದಕ್ಕೆ ತೆರುವ ಬೆಲೆ ಪಂದ್ಯದ ಸವಾರರಿಗೆ ಮಾತ್ರ ಸಾರ್ಥಕ. ಉಳಿದವರು ಆ ಹಣವನ್ನು ಒಳ್ಳೆಯ ಟೈರಿಗೆ ವೆಚ್ಚ ಮಾಡುವುದು ಲೇಸು. ಶೂವನ್ನು ಬಿಗಿಯಲು ಲಾಡಿ, ಅಂಟುಪಟ್ಟಿ, ತಿರುಗುಗುಂಡಿ ಎಂಬ ಬಗೆಗಳಿವೆ. ಗುಡಿಯ ಮುಂದೆ, ಪರಿಚಯದವರ ಮನೆಯ ಹೊಸ್ತಿಲಲ್ಲಿ ಶೂ ಕಳಚುವುದು ರೂಢಿಯಾಗಿರುವ ನಾಡಿನಲ್ಲಿ ಅಂಟುಪಟ್ಟಿ ಅಥವಾ ಗುಂಡಿ ಹೆಚ್ಚು ಅನುಕೂಲ. ಲಾಡಿಯಿದ್ದರೆ ಅದರ ತುದಿ ಚೈನಿಗೆ ಸಿಗದಂತೆ ಒಳಗೆ ಸಿಕ್ಕಿಸಬೇಕು.

ಕ್ಲೀಟಿನ ಜಾಗ, ಮೊಣಕಾಲಿನ ಆರೋಗ್ಯ

ಎಷ್ಟೇ ಒಳ್ಳೆಯ ಶೂ ಕೊಂಡರೂ ಕ್ಲೀಟನ್ನು ತಪ್ಪು ಜಾಗದಲ್ಲಿ ಕೂಡಿಸಿದರೆ ಅದು ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡುತ್ತದೆ. ಸಪಾಟು ಪೆಡಲಿನ ಮೇಲೆ ಪಾದ ಆಗಾಗ ತನ್ನಷ್ಟಕ್ಕೆ ಸರಿದು, ನೋವಾಗದ ಜಾಗವನ್ನು ಹುಡುಕಿಕೊಳ್ಳುತ್ತದೆ. ಕೊಂಡಿಗೆ ಸಿಕ್ಕ ಪಾದಕ್ಕೆ ಆ ಸ್ವಾತಂತ್ರ್ಯವಿಲ್ಲ. ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ತಾಸಿಗೆ 4800 ಸುತ್ತುಗಳಾಗುತ್ತವೆ, ಮತ್ತು ಅಷ್ಟೂ ಸಲ ಮೊಣಕಾಲು ಕ್ಲೀಟು ತೋರಿಸಿದ ದಾರಿಯಲ್ಲಿಯೇ ಮಡಚಿ ಬಿಚ್ಚಿಕೊಳ್ಳಬೇಕು. ಆ ದಾರಿ ಸ್ವಲ್ಪ ಓರೆಯಾಗಿದ್ದರೂ ವಾರಗಳ ಮೇಲೆ ಮೊಣಕಾಲಿನ ಒಂದು ಮಗ್ಗುಲಲ್ಲಿ ನೋವು ಶುರುವಾಗುತ್ತದೆ.

ಹಿಂದು-ಮುಂದಿನ ಜಾಗವನ್ನು ಗೊತ್ತುಮಾಡಲು ಶೂ ತೊಟ್ಟು, ಹೆಬ್ಬೆರಳಿನ ಬುಡದ ಉಬ್ಬು ಮೂಳೆಯನ್ನೂ ಕಿರುಬೆರಳಿನ ಬುಡದ ಉಬ್ಬನ್ನೂ ಬೆರಳಿನಿಂದ ಒತ್ತಿ ಹುಡುಕಿ, ಶೂವಿನ ಎರಡೂ ಮಗ್ಗುಲಲ್ಲಿ ಗುರುತು ಹಾಕಿಕೊಳ್ಳಬೇಕು. ಪೆಡಲಿನ ಅಚ್ಚು ಈ ಎರಡು ಗುರುತುಗಳ ನಡುವೆ ಬರುವಂತೆ ಕ್ಲೀಟನ್ನು ಕೂಡಿಸುವುದು ಒಳ್ಳೆಯ ಆರಂಭ. ಕ್ಲೀಟು ಬೆರಳುಗಳ ಕಡೆಗೆ ತೀರ ಮುಂದಾದರೆ ಮೀನಖಂಡವೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜೂ ಸದಾ ಬಿಗಿದು ದಣಿಯುತ್ತವೆ. ದೂರದ ಸವಾರಿ ಮಾಡುವವರು ಅದನ್ನು ಕೆಲವು ಮಿಲಿಮೀಟರು ಹಿಂದಕ್ಕೆ ಸರಿಸಿಕೊಳ್ಳುವುದರ ಕಾರಣ ಇದೇ.

ಪಾದದ ಕೋನವನ್ನು ತಿಳಿಯಲು ಮನೆಯ ಮುಂದಿನ ಎತ್ತರದ ಕಟ್ಟೆಯೇ ಸಾಕು. ಅದರ ಅಂಚಿನಲ್ಲಿ ಕೂತು, ನೆಲ ಮುಟ್ಟದಂತೆ ಕಾಲುಗಳನ್ನು ಸಡಿಲವಾಗಿ ಇಳಿಬಿಟ್ಟರೆ ಕೆಲವರ ಪಾದ ನೇರವಾಗಿ, ಹೆಚ್ಚಿನವರದು ತುಸು ಹೊರಕ್ಕೆ, ಅಪರೂಪಕ್ಕೆ ಕೆಲವರದು ಒಳಕ್ಕೆ ನೋಡುತ್ತದೆ. ಎಡ ಬಲಗಳ ನಡುವೆಯೂ ವ್ಯತ್ಯಾಸವಿರಬಹುದು. ಕ್ಲೀಟು ಈ ಸಹಜ ಕೋನವನ್ನೇ ಅನುಸರಿಸಬೇಕು. ನೋಡುವವರ ಕಣ್ಣಿಗೆ ಅಂದವೆಂದು ಪಾದವನ್ನು ಬಲವಂತವಾಗಿ ನೇರ ಮಾಡುವುದು ಮೊಣಕಾಲಿಗೆ ಹಾನಿಕರ.

ಈ ಲೆಕ್ಕದಲ್ಲಿ ಸಣ್ಣ ತಪ್ಪು ಉಳಿದರೂ ಸಹಿಸಿಕೊಳ್ಳುವಂತೆ ಕೊಂಡಿಯೊಳಗೆ ಪಾದ ಬಿಡುಗಡೆಯಾಗದೆ ಅತ್ತಿತ್ತ ತುಸು ತಿರುಗಲು ಬಿಟ್ಟ ಅವಕಾಶಕ್ಕೆ ಫ್ಲೋಟ್ ಎಂದು ಹೆಸರು. ಶಿಮಾನೊದ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿ ಕ್ಲೀಟು 6 ಡಿಗ್ರಿ, ನೀಲಿ 2 ಡಿಗ್ರಿ ಫ್ಲೋಟ್ ಕೊಡುತ್ತದೆ, ಕೆಂಪು ಕ್ಲೀಟಿನಲ್ಲಿ ಫ್ಲೋಟ್ ಇಲ್ಲ. ಲುಕ್ ಕಿಯೊದಲ್ಲಿ ಬಣ್ಣಗಳ ಅರ್ಥವೇ ಬೇರೆ: ಅಲ್ಲಿ ಕೆಂಪು 9 ಡಿಗ್ರಿ, ಬೂದು 4.5 ಡಿಗ್ರಿ, ಕಪ್ಪು ಸೊನ್ನೆ. ಒಂದು ಕಂಪನಿಯ ಕೆಂಪು ಕ್ಲೀಟು ಅತಿ ಹೆಚ್ಚು ಸ್ವಾತಂತ್ರ್ಯ ಕೊಡುವುದಾಗಿಯೂ ಇನ್ನೊಂದರ ಕೆಂಪು ಏನನ್ನೂ ಕೊಡದಿರುವುದಾಗಿಯೂ ಇರುವ ಈ ಗೊಂದಲವನ್ನು ಅಂಗಡಿಯಲ್ಲಿಯೇ ಕೇಳಿ ಪರಿಹರಿಸಿಕೊಳ್ಳಬೇಕು. ಹೊಸಬರಿಗೆ, ಮೊಣಕಾಲು ನೋವಿನ ಹಿನ್ನೆಲೆ ಇರುವವರಿಗೆ ಹೆಚ್ಚು ಫ್ಲೋಟ್ ಇರುವುದೇ ಸುರಕ್ಷಿತ. ಎಸ್‌ಪಿಡಿಯಲ್ಲಿ ಬೇರೆಯದೊಂದು ಭೇದವಿದೆ: ಎಸ್‌ಎಚ್-51 ಎಂಬ ಕ್ಲೀಟು ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದಾಗ ಮಾತ್ರ ಬಿಡುತ್ತದೆ, ಎಸ್‌ಎಚ್-56 ಹಲವು ದಿಕ್ಕಿನ ಜೋರಾದ ಎಳೆತಕ್ಕೂ ಬಿಡುತ್ತದೆ. ಗಾಬರಿಯಲ್ಲಿ ಕಾಲನ್ನು ಕಿತ್ತುಕೊಳ್ಳುವ ಹೊಸಬರಿಗೆ ಎರಡನೆಯದು ಒಳ್ಳೆಯದು.

ಹೊಸ ಶೂ, ಹೊಸ ಪೆಡಲು ಬಂದ ಮೇಲೆ ಅಟ್ಟೆಯ ದಪ್ಪ ಬದಲಾಗಿರುವುದರಿಂದ ಆಸನದ ಎತ್ತರವನ್ನೂ ಕೆಲವು ಮಿಲಿಮೀಟರು ಸರಿಪಡಿಸಬೇಕಾಗಬಹುದು ಎಂಬುದನ್ನು ಬಹುಮಂದಿ ಮರೆಯುತ್ತಾರೆ. ಪೆಡಲು ಕೂಡಿಸುವಾಗ ಎಡಗಡೆಯದಕ್ಕೆ ಉಲ್ಟಾ ತಿರುಪು ಇರುವುದನ್ನು ಊರಿನ ಸೈಕಲ್ ರಿಪೇರಿಯವರು ಬಲ್ಲರು. ತಾವೇ ಮಾಡಿಕೊಳ್ಳುವವರು ಪಾನಾದ ಮೇಲ್ತುದಿಯನ್ನು ಮುಂದಿನ ಗಾಲಿಯ ಕಡೆಗೆ ತಿರುಗಿಸಿದರೆ ಎರಡೂ ಮಗ್ಗುಲಿನ ಪೆಡಲುಗಳು ಬಿಗಿಯಾಗುತ್ತವೆ ಎಂಬುದನ್ನು ನೆನಪಿಟ್ಟರೆ ಸಾಕು.

ಬಿಡಿಸಿಕೊಳ್ಳುವ ಅಭ್ಯಾಸ

ಕೊಂಡಿಗೆ ಕಾಲು ಸಿಕ್ಕಿಸುವುದನ್ನು ಕಲಿಯುವುದಕ್ಕಿಂತ ಬಿಡಿಸುವುದನ್ನು ಮೊದಲು ಕಲಿಯಬೇಕು. ಪೆಡಲಿನ ಸ್ಪ್ರಿಂಗಿನ ಬಿಗಿತವನ್ನು ಹೆಚ್ಚು ಕಡಿಮೆ ಮಾಡಲು ಆರು ಮೂಲೆಯ ಅಲನ್ ಕೀಲಿಯಿಂದ ತಿರುಗಿಸುವ ಪುಟ್ಟ ತಿರುಪೊಂದು ಇರುತ್ತದೆ. ಅದನ್ನು ಅತ್ಯಂತ ಸಡಿಲ ಸ್ಥಿತಿಗೆ ತಂದು ಆರಂಭಿಸಿ, ಅಭ್ಯಾಸವಾದಂತೆ ಅಗತ್ಯಕ್ಕೆ ತಕ್ಕಷ್ಟು ಮಾತ್ರ ಬಿಗಿಗೊಳಿಸಬೇಕು. ಗೋಡೆಗೆ ಕೈ ಊರಿ ನಿಂತು ಒಂದೊಂದೇ ಕಾಲನ್ನು ಹತ್ತಾರು ಸಲ ಸಿಕ್ಕಿಸಿ ಬಿಡಿಸಿ, ಆಮೇಲೆ ಶಾಲೆಯ ಮೈದಾನದಂಥ ಮೆದು ನೆಲದಲ್ಲಿ ಸುತ್ತಿ, ಕೊನೆಗೆ ರಸ್ತೆಗೆ ಹೋಗುವುದು ಸುರಕ್ಷಿತ ಕ್ರಮ.

ಭಾರತದ ರಸ್ತೆಯಲ್ಲಿ ಎಡಗಾಲನ್ನು ಮೊದಲು ಬಿಡಿಸುವ ಅಭ್ಯಾಸ ಬೇಕು. ವಾಹನಗಳು ಎಡಕ್ಕೆ ಚಲಿಸುವ ಇಲ್ಲಿ ಸವಾರರ ಎಡಕ್ಕೆ ರಸ್ತೆಯ ಅಂಚೂ ಬಲಕ್ಕೆ ಹಿಂದಿನಿಂದ ಬರುವ ಬಸ್ಸು, ಲಾರಿಗಳೂ ಇರುತ್ತವೆ. ಬಲಗಾಲು ಊರಲು ಹೋಗಿ ತಪ್ಪಿದರೆ ಬೀಳುವುದು ಅವುಗಳ ದಾರಿಗೆ. ಬಲಬದಿಗೆ ಚಲಿಸುವ ದೇಶಗಳಲ್ಲಿ ಚಿತ್ರಿಸಿದ ಪಾಠಗಳನ್ನು ನೋಡಿ ಕಲಿತವರು ಈ ಒಂದು ಅಂಶವನ್ನು ತಿರುಗಿಸಿಕೊಳ್ಳುವುದು ಅವಶ್ಯ. ಊರು ಹತ್ತಿರವಾದಾಗ, ರಸ್ತೆಯುಬ್ಬು ಕಂಡಾಗ, ದನಕರು ಎದುರಾದಾಗ ನಿಲ್ಲಬೇಕಾದೀತೆಂಬ ಅನುಮಾನ ಬಂದ ಕೂಡಲೇ, ವೇಗ ಇನ್ನೂ ಇರುವಾಗಲೇ, ಎಡಗಾಲನ್ನು ಬಿಡಿಸಿ ಪೆಡಲಿನ ಮೇಲೆ ಸುಮ್ಮನೆ ಇರಿಸಿಕೊಂಡರೆ ಬೀಳುವ ಸಂದರ್ಭವೇ ಬಹುಮಟ್ಟಿಗೆ ತಪ್ಪುತ್ತದೆ.

ಎರೆಮಣ್ಣು, ಮಳೆ, ಸವೆತ

ನವಲಗುಂದ, ಅಣ್ಣಿಗೇರಿ, ಕುಂದಗೋಳದ ಕಡೆಯ ಎರೆಭೂಮಿ ಮಳೆಗಾಲದಲ್ಲಿ ಕಾಲಿಗೆ ಹತ್ತಿದರೆ ಬಿಡುವುದಿಲ್ಲ. ರಸ್ತೆಯ ಅಂಚಿಗೆ ಒಂದು ಹೆಜ್ಜೆ ಇಟ್ಟರೂ ಅಂಟುವ ಆ ಕರಿಮಣ್ಣು ಮೂರು ಬೋಲ್ಟಿನ ಕ್ಲೀಟಿನ ಅಡಿಗೆ ಮೆತ್ತಿಕೊಂಡರೆ ಕೊಂಡಿ ಕೂರುವುದೇ ಇಲ್ಲ, ಕಡ್ಡಿಯಿಂದ ಕೆರೆದು ತೆಗೆಯಬೇಕಾಗುತ್ತದೆ. ಎಸ್‌ಪಿಡಿ ಕೂಡ ಇದರಿಂದ ಪೂರ್ತಿ ಮುಕ್ತವಲ್ಲವಾದರೂ ಅದು ಗುಡ್ಡಗಾಡಿನ ಕೆಸರಿಗಾಗಿಯೇ ರೂಪುಗೊಂಡದ್ದರಿಂದ ಜೋರಾಗಿ ಒಂದೆರಡು ಸಲ ತುಳಿದರೆ ಸಾಮಾನ್ಯ ಕೆಸರನ್ನು ಹೊರಗೆ ತಳ್ಳುತ್ತದೆ. ಕಲಘಟಗಿಯ ಕಡೆ ಮಸಾರಿ ನೆಲ ಹೆಚ್ಚು, ಅಂಟು ಕಡಿಮೆ. ಆದರೆ ಮಲೆನಾಡಿನ ಸೆರಗಾದ ಅಲ್ಲಿ ಮಳೆ ಹೆಚ್ಚು. ನೆಂದ ಶೂವಿನ ಒಳಹಾಸನ್ನು ತೆಗೆದು, ಒಳಗೆ ಹಳೆಯ ಪತ್ರಿಕೆಯ ಹಾಳೆಗಳನ್ನು ತುರುಕಿ, ನೆರಳಿನಲ್ಲಿ ಗಾಳಿಗೆ ಇಡಬೇಕು. ಒಲೆಯ ಹತ್ತಿರ ಅಥವಾ ಬಿರುಬಿಸಿಲಿನಲ್ಲಿ ಇಟ್ಟರೆ ಅಟ್ಟೆಯ ಅಂಟು ಬಿಡುತ್ತದೆ.

ಕ್ಲೀಟಿನ ಬೋಲ್ಟುಗಳಿಗೆ ಕೂಡಿಸುವ ಮುನ್ನ ತುಸು ಗ್ರೀಸು ಸವರದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅವು ತುಕ್ಕು ಹಿಡಿದು ಕೂತುಬಿಡುತ್ತವೆ. ಶಿಮಾನೊ ಈ ಬೋಲ್ಟುಗಳಿಗೆ ಹೇಳುವ ಬಿಗಿತ 5ರಿಂದ 6 ನ್ಯೂಟನ್ ಮೀಟರ್. ಅಳೆಯುವ ಉಪಕರಣ ಇಲ್ಲದವರು ಚಿಕ್ಕ ಕೀಲಿಯಿಂದ ಗಟ್ಟಿಯಾಗಿ, ಆದರೆ ತಿರುಪು ಕೆಡದಂತೆ ಬಿಗಿದು, ಮೊದಲ ಸವಾರಿಯ ನಂತರ ಮತ್ತೆ ಪರೀಕ್ಷಿಸಬೇಕು. ಒಂದು ಬೋಲ್ಟು ಸಡಿಲವಾದರೆ ಹಿಮ್ಮಡಿ ತಿರುಗಿಸಿದಾಗ ಶೂ ತಿರುಗುತ್ತದೆಯೇ ಹೊರತು ಕ್ಲೀಟು ಪೆಡಲಿನಲ್ಲಿಯೇ ಉಳಿದು ಕಾಲು ಬಿಡುಗಡೆಯಾಗುವುದಿಲ್ಲ. ಅನುಭವಿಗಳೂ ಬೀಳುವುದು ಹೀಗೆ.

ಪ್ಲಾಸ್ಟಿಕ್ ಕ್ಲೀಟಿನ ಆಯುಸ್ಸನ್ನು ತೀರ್ಮಾನಿಸುವುದು ಸೈಕಲ್ ಸವಾರಿಗಿಂತ ಹೆಚ್ಚಾಗಿ ನಡಿಗೆ. ಇಳಿದಾಗ ಹಾಕಿಕೊಳ್ಳುವ ರಬ್ಬರಿನ ಮುಸುಕುಗಳು ಸಿಗುತ್ತವೆ, ಅವನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು. ಅಂಚಿನ ಬಣ್ಣದ ಭಾಗ ಸವೆದು ಹೋದರೆ, ಸಿಕ್ಕಿಸುವಾಗಿನ ಸದ್ದು ಮಂಕಾದರೆ, ಬಲ ಹಾಕಿ ತುಳಿಯುವಾಗ ಕಾಲು ತಾನಾಗಿ ಕಳಚಿಕೊಂಡರೆ ಕ್ಲೀಟು ಬದಲಿಸುವ ಕಾಲ ಬಂದಿದೆ ಎಂದು ಅರ್ಥ. ಉಕ್ಕಿನ ಎಸ್‌ಪಿಡಿ ಕ್ಲೀಟು ಇದಕ್ಕಿಂತ ಬಹಳ ಹೆಚ್ಚು ಕಾಲ ಬಾಳುತ್ತದೆಯಾದರೂ ಅದೂ ಒಂದು ದಿನ ಸವೆಯುತ್ತದೆ. ಹಳೆಯದನ್ನು ಬಿಚ್ಚುವ ಮುನ್ನ ಅದರ ಸುತ್ತ ಅಟ್ಟೆಯ ಮೇಲೆ ಅಳಿಸದ ಶಾಯಿಯಿಂದ ಗೆರೆ ಎಳೆದಿಟ್ಟರೆ, ತಿಂಗಳುಗಟ್ಟಲೆ ಸವಾರಿ ಮಾಡಿ ಮೊಣಕಾಲಿಗೆ ಹೊಂದಿಸಿಕೊಂಡ ಜಾಗದಲ್ಲಿಯೇ ಹೊಸದನ್ನು ಕೂಡಿಸಬಹುದು.